ಬಡವರ ಪಾಲಿನ ತುಂಡು

ಯಾನ್ನಿನಾ
ವರ್ಷದ ಕೊನೆಯ ದಿನ, ಬೆಳಿಗ್ಗೆ

ಪ್ರೀತಿಯ ಎವಾಂಥಿಯಾ ಅಮ್ಮನವರಿಗೆ,

ಪ್ರತಿ ವರ್ಷ ಈ ದಿನ ನಾನು ಬರೆಯುವ ಕೃತಜ್ಞತೆಯ ಪತ್ರವನ್ನು ಮರುದಿನ ಊಟಕ್ಕೆ ಮುಂಚೆ ಎಲ್ಲರೆದುರು ಓದಿಸುತ್ತೀರಿ. ಈ ಸಲದ್ದನ್ನು ದಯವಿಟ್ಟು ನೀವೊಬ್ಬರೇ ಓದಿಕೊಳ್ಳಿ. ಕನ್ನಡಕ ಸಿಗಲಿಲ್ಲವೆಂದು ಲಮಾರಾಳ ಕೈಗೆ ಕೊಡಬೇಡಿ. ನಿಮ್ಮನ್ನು ನೋಡಿಕೊಳ್ಳಲು ಜಾರ್ಜಿಯಾದಿಂದ ಅಷ್ಟು ದೂರ ಬಂದವಳು ಅವಳು. ಇದರಲ್ಲಿ ಅವಳ ಮಗಳ ವಿಷಯವಿದೆ.

ಮೊದಲು ಕೃತಜ್ಞತೆ. ಅದು ಸುಳ್ಳಲ್ಲ. ನನ್ನ ಅಮ್ಮ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಚಿಕ್ಕವಳಿದ್ದ ನಾನು ಗೋಡೆಯ ಮೇಲಿದ್ದ ಪಿಟೀಲಿನ ತಂತಿ ಮೀಟಿ ಸಿಕ್ಕಿಬಿದ್ದೆ. ನೀವು ಬೈಯಲಿಲ್ಲ. ತೀರಿಹೋದ ನಿಮ್ಮ ತಮ್ಮನ ಪಿಟೀಲನ್ನು ಇಳಿಸಿ, ನಿಮ್ಮ ಆ ಕಪ್ಪು ಉಡುಪಿನ ತೋಳಿನಿಂದಲೇ ಧೂಳು ಒರೆಸಿ, ನನ್ನ ಗದ್ದದ ಕೆಳಗಿಟ್ಟಿರಿ. ಸಂಗೀತಶಾಲೆಗೆ ಸೇರಿಸಿದಿರಿ. ನನ್ನ ಕೊನೆಯ ಪರೀಕ್ಷೆಯ ದಿನ ಹಿಮ ಬಿದ್ದು ರಸ್ತೆ ಮುಚ್ಚಿದ್ದರೂ ಮೊದಲ ಸಾಲಿನಲ್ಲಿ ಒದ್ದೆ ಬೂಟಿನಲ್ಲಿ ಕೂತಿದ್ದವರು ನೀವು. ಅಮ್ಮ ಸತ್ತಾಗ, ತೀರಿಹೋದವರ ನೆನಪಿಗೆ ಚರ್ಚಿನಲ್ಲಿ ಹಂಚುವ ಗೋಧಿಯನ್ನು ಅವಳ ಹೆಸರಿನಲ್ಲಿ ಬೇಯಿಸಿದವರೂ ನೀವೇ. ಇದನ್ನೆಲ್ಲ ನಾನು ಮರೆತಿಲ್ಲ. ಮರೆಯಲು ಬಿಡುವೇ ಸಿಕ್ಕಿಲ್ಲ ಎಂದು ಬರೆಯಹೊರಟು, ಆ ವಾಕ್ಯ ಎಷ್ಟು ಕಹಿಯಾಗಿದೆ ಎಂದು ನನಗೇ ಗಾಬರಿಯಾಗುತ್ತಿದೆ. ಆದರೂ ಹೊಡೆದುಹಾಕುವುದಿಲ್ಲ.

ಹೊಸವರ್ಷದ ಕೇಕಿನ ಬಗ್ಗೆ ಹೇಳಬೇಕು. ನೀವು ಚಾಕುವಿನಿಂದ ಅದರ ಮೇಲೆ ಶಿಲುಬೆ ಗೀರಿ, ಮೊದಲ ತುಂಡು ಕ್ರಿಸ್ತನಿಗೆ, ಎರಡನೆಯದು ಅವನ ತಾಯಿಗೆ, ಮೂರನೆಯದು ಮನೆಗೆ ಎನ್ನುತ್ತೀರಿ. ಆಮೇಲೆ 'ಇದು ಬಡವರಿಗೆ' ಎನ್ನುತ್ತೀರಿ; ತಟ್ಟೆ, ಮೇಜಿನ ಪಕ್ಕ ಪಿಟೀಲು ನುಡಿಸಿ ಕೂತ ನನ್ನ ಕಡೆ ಬರುತ್ತದೆ. ಮನೆಯವರ ತುಂಡುಗಳು ವಯಸ್ಸಿನ ಪ್ರಕಾರ ಆಮೇಲೆ. ಬೇರೆ ಮನೆಗಳಲ್ಲಿ ಬಡವರ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಬಾಗಿಲಿಗೆ ಯಾರಾದರೂ ಬಂದಾರೆಂದು ಎತ್ತಿಡುತ್ತಾರೆ. ನಿಮ್ಮ ಮನೆಗೆ ಬಂದವಳು ಒಳಗೇ ಇದ್ದಳು. ಮೊದಲ ವರ್ಷ ನನಗೆ ನಿಜಕ್ಕೂ ಹಸಿವಾಗಿತ್ತು. ಕಿತ್ತಳೆ ಸಿಪ್ಪೆಯ ಘಮದ ಆ ತುಂಡಿನಷ್ಟು ರುಚಿಯಾದದ್ದನ್ನು ಮತ್ತೆ ತಿಂದಿಲ್ಲ.

ಒಂದು ವರ್ಷ, ಕೇಕಿನೊಳಗೆ ಅಡಗಿಸಿಟ್ಟು ಬೇಯಿಸುವ ಅದೃಷ್ಟದ ನಾಣ್ಯ ಆ ತುಂಡಿನಲ್ಲಿ ಸಿಕ್ಕಿತು, ನೆನಪಿದೆಯೇ? ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ಅಮ್ಮನಿಗೆ ತೋರಿಸಲು ಅಡುಗೆಮನೆಗೆ ಓಡಬೇಕೆನ್ನುವಷ್ಟರಲ್ಲಿ ನೀವು ಮೆತ್ತಗೆ ಬೆರಳು ಬಿಡಿಸಿದಿರಿ. "ಇದು ಬಡವರದ್ದು ಕಣೇ, ಚರ್ಚಿನ ಡಬ್ಬಿಗೆ ಹೋಗ್ಬೇಕು." ತಿನ್ನುವುದಕ್ಕೆ ನಾನು ಬಡವಳು, ಅದೃಷ್ಟಕ್ಕೆ ಅಲ್ಲ. ನೀವು ಹಾಗೆ ಯೋಚಿಸಿರಲಿಲ್ಲ, ಗೊತ್ತು. ಪದ್ಧತಿ ಪಾಲಿಸಿದಿರಿ, ಅಷ್ಟೇ.

ಈಗ ನನ್ನ ತಲೆಯಲ್ಲಿ ಬಿಳಿಕೂದಲಿದೆ. ಅದೇ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತೇನೆ. ಸರೋವರದ ದಂಡೆಯಲ್ಲಿ ನನ್ನದೇ ಅನ್ನುವ ಬಾಡಿಗೆ ಮನೆಯಿದೆ. ತಟ್ಟೆ ಮಾತ್ರ ಇನ್ನೂ ನನ್ನ ಕಡೆಗೇ ಬರುತ್ತದೆ. ನಿಮ್ಮ ಅಣ್ಣನ ಮಗ ಸ್ಟೆರ್ಯೋಸ್ ಕಳೆದ ವರ್ಷವೂ ಅದೇ ತಮಾಷೆ ಮಾಡಿದ. "ಲಂಬ್ರಿನಿ, ಬಡವರ ತುಂಡೇ ಎಲ್ಲಕ್ಕಿಂತ ದಪ್ಪ ಕಣೇ. ಮುಂದಿನ ವರ್ಷ ನಾನೂ ಪಿಟೀಲು ಕಲ್ತು ಬರ್ತೀನಿ." ಎಲ್ಲರ ಜೊತೆ ನಾನೂ ನಕ್ಕೆ. ಅಲ್ಲಿ ನಗದೇ ಇರುವುದು ಹೇಗೆಂದು ನಾನು ಕಲಿತಿಲ್ಲ.

ಥೆಸಲೋನಿಕಿಯ ವಾದ್ಯವೃಂದ ಒಮ್ಮೆ ನನ್ನನ್ನು ಕರೆದದ್ದು ನಿಮಗೆ ಗೊತ್ತಿಲ್ಲ. ಅವರ ಸಂಗೀತ ಕಚೇರಿ ಪ್ರತಿ ಹೊಸವರ್ಷದ ದಿನ ಇರುತ್ತಿತ್ತು. ಆವತ್ತು ನಿಮ್ಮ ಮೇಜಿನ ಪಕ್ಕ ನುಡಿಸುವವರು ಯಾರು ಎಂದು ಯೋಚಿಸಿ ಬರುವುದಿಲ್ಲವೆಂದೆ. ನಿಮ್ಮನ್ನು ಕೇಳಿದ್ದರೆ 'ಹೋಗು' ಎನ್ನುತ್ತಿದ್ದಿರೋ ಏನೋ. ಕೇಳಲಿಲ್ಲ. ಬಾಗಿಲು ಮುಚ್ಚಿದವರು ಯಾರು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಚಿಲಕ ಯಾವಾಗಲೂ ನನ್ನ ಕಡೆಯೇ ಇರುತ್ತದೆ. ಆದರೂ ತೆಗೆಯಲು ಆಗುವುದಿಲ್ಲ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಹೋದ ವಾರ ನೀವು ಫೋನ್ ಮಾಡಿದಿರಿ. "ಹೊಸವರ್ಷದ ದಿನ ಲಮಾರಾ ಮಗಳು ಟೆಕ್ಲೆ ಒಂದು ಹಾಡು ನುಡಿಸ್ಲಿ. ಇನ್ಮೇಲೆ ಅವಳ ಶಾಲೆ, ಪಿಟೀಲು ಎಲ್ಲ ನಂದು. ನಿನ್ನ ಕುರ್ಚೀಲಿ ಅವಳು ಕೂರ್ಲಿ, ನಿಂಗೂ ವಯಸ್ಸಾಯ್ತಲ್ಲ." ಲಮಾರಾ ಆಗಲೇ ಮಗಳಿಗೆ ಬಿಳಿ ಕಾಲುಚೀಲ ತಂದಿಟ್ಟಿದ್ದಾಳೆ. ಪಾಠಕ್ಕೆ ಬಂದ ಟೆಕ್ಲೆ ಮಾತ್ರ ಕಮಾನು ಕೆಳಗಿಟ್ಟು ಕೂತಳು. ಕಳೆದ ವರ್ಷ ಅಡುಗೆಮನೆಯ ಬಾಗಿಲಿನಿಂದ ಅವಳು ಎಲ್ಲ ನೋಡಿದ್ದಳಂತೆ.

"ಟೀಚರ್, ನೀವು ಬಡವರಾ?"

ಅಲ್ಲಮ್ಮ, ಅದು ಸುಮ್ಮನೆ ಒಂದು ಪದ್ಧತಿ ಎಂದೆ.

"ಮತ್ತೆ ಯಾಕೆ ತಗೊಂಡ್ರಿ?"

ನಾನು ಸ್ವರಲಿಪಿಯ ಹಾಳೆ ತಿರುವಿದೆ. ಅವಳು "ನಾನೂ ಅದನ್ನ ತಿನ್ಲೇಬೇಕಾ?" ಎಂದಳು. ಪಾಠ ಮುಗಿದಾಗ ನಮಸ್ಕಾರವನ್ನೂ ಹೇಳದೆ ಓಡಿದಳು. ಬಿಡುವಿನಲ್ಲಿ ಪುಕ್ಕಟೆ ಕಲಿಸುತ್ತೇನೆ, ಒಂದು ಮಾತಿಲ್ಲವಲ್ಲ ಎಂದು ನನಗೆ ಚುಚ್ಚಿತು. ಆಗ ಗೊತ್ತಾಯಿತು, ಆ ಮೇಜಿನ ನಿಮ್ಮ ಕಡೆಯಲ್ಲಿ ಕೂರಲೂ ನಾನು ಕಲಿತುಬಿಟ್ಟಿದ್ದೇನೆ. ಸಹಾಯ ಮಾಡುವುದು ಸುಲಭ, ಅಮ್ಮನವರೇ. ಮಾಡಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಿಬ್ಬರಿಗೂ ಬರಲಿಲ್ಲ.

ಅವಳನ್ನು ಕರೆತರದಿದ್ದರೆ ಅವಳ ಶಾಲೆ ತಪ್ಪುತ್ತದೆ. ಕರೆತಂದರೆ ನನ್ನ ಕುರ್ಚಿ ಸಿಗುತ್ತದೆ. ಮೂರು ರಾತ್ರಿ ನಿದ್ದೆಗೆಟ್ಟು ಇದರಲ್ಲೇ ಸುತ್ತಿದ್ದೇನೆ.

ನಾಳೆ ಅವಳು ಬರುತ್ತಾಳೆ, ನುಡಿಸುತ್ತಾಳೆ. ನೀವು ಅವಳನ್ನು ಓದಿಸಿ, ನನ್ನನ್ನು ಓದಿಸಿದ ಹಾಗೆಯೇ. ಆದರೆ ಕೇಕು ಹಂಚುವಾಗ ಅವಳಿಗೆ ಕೊನೆಯ ತುಂಡು ಕೊಡಿ. ಮೇಜಿನ ಸುತ್ತ ಎಲ್ಲರಿಗಿಂತ ಚಿಕ್ಕವಳು ಅವಳೇ, ವಯಸ್ಸಿನ ಪ್ರಕಾರ ಅದು ಅವಳದು. 'ಇದು ಬಡವರಿಗೆ' ಎಂದಾಗ ನಾನು ಕೈ ಚಾಚುವುದಿಲ್ಲ. ಧೈರ್ಯ ಸಾಲುತ್ತದೋ ಇಲ್ಲವೋ ಗೊತ್ತಿಲ್ಲ. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲೇಳುತ್ತದೆ. ಅದಕ್ಕೇ ಆ ಹೊತ್ತಿಗೆ ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕಮಾನು ಹಿಡಿದುಕೊಂಡಿರುತ್ತೇನೆ. ತಟ್ಟೆಯನ್ನು ಮೇಜಿನ ಮೇಲೆ ಬಿಡಿ. ಬಾಗಿಲಿಗೆ ಯಾರಾದರೂ ಬಂದಾರು. ಟೆಕ್ಲೆ ನೋಡುತ್ತಿರುತ್ತಾಳೆ, ನನಗೆ ಅಷ್ಟು ಸಾಕು.

ಇದರಿಂದ ನಿಮಗೆ ನೋವಾದರೆ, ಪಿಟೀಲು ನಿಮ್ಮ ತಮ್ಮನದು. ಅದರ ಪೆಟ್ಟಿಗೆಯನ್ನು ಒರೆಸಿ ತರುತ್ತಿದ್ದೇನೆ. ನೀವು ಕೇಳಿದರೆ ಅಲ್ಲೇ ಒಪ್ಪಿಸಿ ಬರುತ್ತೇನೆ. ಕೇಳಬೇಡಿ ಎಂದು ಬೇಡಿಕೊಳ್ಳಬೇಕೆನಿಸುತ್ತದೆ. ಬೇಡುವುದಿಲ್ಲ.

ನಿಮ್ಮ ಮಂಡಿನೋವು ಈ ಚಳಿಯಲ್ಲಿ ಹೆಚ್ಚಾಗದಿರಲಿ. ಬರುವ ವರ್ಷ ನಿಮ್ಮ ಮನೆಯ ಪಾಲಿನ ತುಂಡಿನಲ್ಲೇ ನಾಣ್ಯ ಸಿಗಲಿ.

ನಾಳೆ ಬಾಗಿಲು ತಟ್ಟಲಿರುವ, ನಿಮ್ಮ
ಲಂಬ್ರಿನಿ