ಹಳದಿ ಬಳಿದ ಬಂಡೆ

ಪೋರ್ಸ್‌ಗ್ವೆನ್, ಬ್ರಿತಾನಿ
ಸೋಮವಾರ, ಮಾರ್ಚ್ 24

ಪ್ರೀತಿಯ ಗೂಲ್ವೆನ್,

ಕೆಮ್ಮು ಕಡಿಮೆಯಾಯಿತೇ? ಹಡಗಿನ ಅಡುಗೆಯವನು ಈಗಲಾದರೂ ಸೂಪಿಗೆ ಉಪ್ಪು ಹಾಕುತ್ತಿದ್ದಾನೆಯೇ? ಮೊದಲೇ ಹೇಳಿಬಿಡುತ್ತೇನೆ, ನಮ್ಮ ಎನೋರಾ ಚೆನ್ನಾಗಿದ್ದಾಳೆ. ಪಕ್ಕದಲ್ಲೇ ಕೂತು ಕ್ರೇಪ್‌ಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದಾಳೆ. ಇನ್ನು ಮುಂದೆ ಓದು.

ಅವಳ ಟೀಚರ್ ಆರ್ಮೆಲ್ ಈ ವರ್ಷ ಲೆಕ್ಕ, ವಿಜ್ಞಾನ, ಚಿತ್ರ ಮೂರನ್ನೂ ಒಂದೇ ಪಾಠ ಮಾಡಿದ್ದಾಳಲ್ಲ. ಸಮುದ್ರದ ನೀರು ಇಳಿದಾಗ ಮಕ್ಕಳು ಕೊಲ್ಲಿಯ ಬಂಡೆಗಳನ್ನು ಅಳೆದು, ಆ ಅಳತೆಯನ್ನು ಕುಗ್ಗಿಸಿ, ತರಗತಿಯ ಗೋಡೆಯುದ್ದಕ್ಕೂ ಬಿಡಿಸುತ್ತಿದ್ದರು. ಉಬ್ಬರದಲ್ಲಿ ಮುಳುಗುವ ಕಡೆ ಪಾಚಿಯ ಕಪ್ಪು. ನೀರು ಮುಟ್ಟದ ನೆತ್ತಿಗೆ, ಅಲ್ಲಿ ಮಾತ್ರ ಅಂಟಿ ಬೆಳೆಯುವ ಕಲ್ಲುಹೂವಿನ ಹಳದಿ. ಗುರುವಾರ ಶಾಲೆ ಬಿಟ್ಟ ಮೇಲೆ ನಮ್ಮವಳೂ ಬೇಕರಿ ಕಾದೊರೆಯ ಮಗಳು ತಿಫೆನ್ನೂ, ಆ ಹಳದಿ ಸರಿಯಾಗಿದೆಯೇ ನೋಡೋಣವೆಂದು ಯಾರಿಗೂ ಹೇಳದೆ ದೂರದ ಬಂಡೆಗಳಿಗೆ ಹೋದರು. ಮಂಜು ಕವಿಯಿತು. ಅವರು ಬಂದ ಮರಳ ದಾರಿಯನ್ನು ಉಬ್ಬರದ ನೀರು ನುಂಗಿತು. ತಿಫೆನ್ ನೀರಿಗಿಳಿದು ದಡಕ್ಕೆ ಓಡಲು ಹೊರಟಳಂತೆ. ಎನೋರಾ ಅವಳ ಜಡೆ ಹಿಡಿದೆಳೆದು, "ಹುಚ್ಚಿ, ಈ ಕಡೆ ಬಾರೇ! ಗೋಡೆ ಮೇಲೆ ನಾನು ಹಳದಿ ಬಳಿದಿದ್ದು ಈ ಬಂಡೆಗೇ. ಇದು ಮುಳುಗಲ್ಲ" ಎಂದಳಂತೆ. ಅವಳು ಮನೆಗೆ ಬಾರದಿದ್ದಾಗ ಹುಡುಕಲು ಹೊರಟ ನಾನು ಮೇಲಿನ ರಸ್ತೆಯ ಕಟ್ಟೆ ಹಿಡಿದು ಕೂಗುತ್ತಲೇ ಇದ್ದೆ. ಕತ್ತಲಾಗುವ ಮುಂಚೆ ನಳ್ಳಿ ಹಿಡಿಯುವ ಎರ್ವೆ ದೋಣಿಯಲ್ಲಿ ಇಬ್ಬರನ್ನೂ ತಂದ. ನೀರು ಅವರ ಕಾಲಿನಿಂದ ಗೇಣು ಕೆಳಗೆ ನಿಂತಿತ್ತಂತೆ.

ಶನಿವಾರ ಶಾಲೆಯಲ್ಲಿ ಸಭೆ. ಕಾದೊರೆ ಮೇಜು ಗುದ್ದಿ, "ಮಗ್ಗಿ ಕಲ್ಸಿ ಅಂದ್ರೆ ಕಲ್ಲಿಗೆ ಬಣ್ಣ ಹಚ್ಚಿಸ್ತೀರಲ್ಲ ಮೇಡಂ! ನನ್ನ ಮಗು ಹೆಣವಾಗಿ ಬಂದಿದ್ರೆ?" ಎಂದ. ಅದನ್ನೇ ಕೇಳಬೇಕೆಂದು ನಾನೂ ಹೋಗಿದ್ದೆ. ಆರ್ಮೆಲ್ ತಲೆ ತಗ್ಗಿಸಲಿಲ್ಲ. "ಅವರು ಹೋಗಿದ್ದು ನನ್ನ ಪಾಠದಿಂದ್ಲೇ. ಬಂಡೆ ಎಷ್ಟು ಎತ್ತರ ಅಂತ ಕಲಿಸ್ದೆ, ನೀರು ಎಷ್ಟು ಬೇಗ ಏರುತ್ತೆ ಅಂತ ಲೆಕ್ಕ ಹಾಕಿಸ್ಲಿಲ್ಲ. ಪಾಠ ಅರ್ಧಕ್ಕೆ ನಿಂತಿದೆ, ಪೂರ್ತಿ ಮಾಡೋಕೆ ಬಿಡಿ" ಎಂದಳು. ಮುಖ್ಯೋಪಾಧ್ಯಾಯಿನಿ ನನ್ನತ್ತ ತಿರುಗಿದರು. "ನಿಮ್ಮ ಮಗಳೂ ಆ ಬಂಡೆ ಮೇಲಿದ್ಲು. ನೀವೇನಂತೀರಿ?" ನಾನು ಎದ್ದು ನಿಂತೆ ಗೂಲ್ವೆನ್.

ನಿನ್ನಮ್ಮ ಮುತ್ತು ಕಳಿಸಿದ್ದಾರೆ, ಉಣ್ಣೆಯ ಟೋಪಿ ತೆಗೆಯಬೇಡ ಅಂದಿದ್ದಾರೆ. ಅಲೆಗಳು ನಿನ್ನನ್ನು ಮೆತ್ತಗೆ ತೂಗಲಿ.

ನಿನ್ನ
ಸ್ವಾಜಿಗ್

ಅಂಚೆಯ ವ್ಯಾನ್ ಬಂತು, ಬೇಗ ಬರೆಯುತ್ತಿದ್ದೇನೆ: ಆ ಹಳದಿಯೇ ಇಬ್ಬರನ್ನೂ ಉಳಿಸಿತು, ಪಾಠ ನಡೆಯಲಿ ಎಂದೆ. ಹಾಗಾದರೆ ಮಕ್ಕಳ ಜೊತೆ ದಂಡೆಗೆ ದೊಡ್ಡವರೊಬ್ಬರು ಹೋಗಬೇಕು ಎಂದರು ಮುಖ್ಯೋಪಾಧ್ಯಾಯಿನಿ. ಹೋಗಲು ಯಾರೂ ಒಪ್ಪಲಿಲ್ಲ. ನಾನು ಹೋಗುತ್ತೇನೆ ಎಂದುಬಿಟ್ಟೆ. ನಿನ್ನ ತಮ್ಮ ಮುಳುಗಿದ ಮೇಲೆ ನಾನು ಆ ಮರಳಿಗೆ ಕಾಲಿಟ್ಟಿಲ್ಲ, ನಿನಗೆ ಗೊತ್ತಲ್ಲ. ನಾಳೆ ಬೆಳಿಗ್ಗೆ ನೀರು ಇಳಿಯುತ್ತದೆ. ನಾನೂ ಇಳಿಯುತ್ತೇನೆ.