ಮೇಷ್ಟ್ರು ಅರ್ಥ ಹೇಳದ ಪದ

ತುರುವೇಕೆರೆ
೧೯-೧೧-೧೯೮೪

ವಿಜ್ಞಾನದ ಮೇಷ್ಟ್ರಿಗೆ ಗಿರಿಜಾಂಬಿಕಾ ಮಾಡುವ ನಮಸ್ಕಾರಗಳು.

ಮೊದಲೆಲ್ಲ ತವರಿಗೆ ಬಂದಾಗ ‘ಸಕಲಗುಣ ಸಂಪನ್ನರಾದ ನನ್ನ ಪತಿದೇವರಿಗೆ’ ಎಂದು ಕಾಗದ ಶುರು ಮಾಡುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಬೆರಳು ಬಿಗಿದಿದ್ದಕ್ಕೆ ಅಂದುಕೊಳ್ಳಬೇಡಿ. ಬೆರಳೇನೋ ಬಿಗಿದೇ ಇದೆ, ಈ ಚಳಿಗೆ ತುದಿಗಳು ಬೆಳ್ಳಗಾಗಿ ನೀಲಿಗೆ ತಿರುಗುತ್ತವೆ. ಆದರೂ ನಿಮ್ಮನ್ನು ಬೈಯುವುದಕ್ಕೆ ಬೇಕಾದಷ್ಟು ಶಕ್ತಿ ಉಳಿದಿದೆ.

ನಾನು ಕ್ಷೇಮ. ಎಡಗಡೆಯ ಎದೆ ತೆಗೆದ ಗಾಯ ಮಾಗಿದೆ. ಆಪರೇಷನ್ನಿಗೆ ನೀವು ಬರಲಿಲ್ಲವಲ್ಲ, ಅದಕ್ಕೆ ತಿಳಿಸುತ್ತಿದ್ದೇನೆ. ನಾನು ಬರೆಯಲು ಕೂತದ್ದು ನನ್ನ ತಂಗಿ ಸುವರ್ಣಳ ಸಲುವಾಗಿ. ಕಿಬ್ಬನಹಳ್ಳಿಯ ಪರಮಶಿವಯ್ಯನವರ ಮಗನಿಗೆ ಅವಳನ್ನು ಕೊಡುವ ಮಾತಾಗಿ, ವೀಳ್ಯಶಾಸ್ತ್ರವೂ ಮುಗಿದಿತ್ತು. ಈಗ ಅವರು ಬೇಡ ಅನ್ನುತ್ತಿದ್ದಾರೆ. ನೀವು ಬಾಯಿ ಮುಚ್ಚಿಕೊಂಡು ಕೂತದ್ದರಿಂದ ಹಾಗಾಯಿತು.

ಬೆಂಗಳೂರಿನ ಆಸ್ಪತ್ರೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಎದೆಯ ಗಂಟಿಗೆ ಆಪರೇಷನ್ ಮಾಡಿ, ಆಮೇಲೆ ಯಂತ್ರದ ಕೆಳಗೆ ಮಲಗಿಸಿ ಕಿರಣದ ಕರೆಂಟು ಕೊಡುವುದೆಂದು ತೀರ್ಮಾನವಾಗಿತ್ತು. ನನ್ನ ಬೆರಳು ನೋಡಿ ತಡೆದವರು ಆ ಡಾಕ್ಟರಮ್ಮ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಮೈಯ ಕಾವಲೇ ಮೈಯನ್ನು ತಿನ್ನುವ ಕಾಯಿಲೆಯಂತೆ ನನ್ನದು, ಹಾಗಾಗಿಯೇ ಚರ್ಮ ಹೀಗೆ ಬಿಗಿಯುವುದಂತೆ. ಇಂಥವರಲ್ಲಿ ಕೆಲವರಿಗೆ ಆ ಕಿರಣ ತಡೆಯುವುದಿಲ್ಲ, ಹುಣ್ಣಾಗಿ ಮಾಯುವುದೇ ಇಲ್ಲ, ಮೊದಲು ರಕ್ತ ನೋಡೋಣ ಎಂದರು. ನನ್ನ ರಕ್ತಕ್ಕೆ ಲ್ಯಾಬಿನಲ್ಲೇ ಕಿರಣ ಬಿಟ್ಟು ನೋಡಿದರು. ಎರಡನೆಯ ಸಲ ಹೋದಾಗ, ಜೊತೆಗಿದ್ದ ಅತ್ತೆಯವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು: ಇವರ ವರ್ಣತಂತುಗಳು ಬೇರೆಯವರವಕ್ಕಿಂತ ಹೆಚ್ಚು ಮುರಿಯುತ್ತವೆ, ಕರೆಂಟು ಬೇಡ, ಆಪರೇಷನ್ ಒಂದೇ ಸಾಕು. ಆ ಪುಣ್ಯಾತ್ಗಿತ್ತಿ ಇಂಗ್ಲಿಷಿನಲ್ಲೇ ಹೇಳಿದ್ದರೆ ನಮ್ಮ ಮನೆ ಉಳಿಯುತ್ತಿತ್ತು.

ತಿಪಟೂರು ಬಸ್ಸಿನಲ್ಲಿ ಅತ್ತೆಯವರು, ‘ಅದೇನ್ಲಾ ಅದು, ವರ್ಣ ಮುರ್ದೈತೆ ಅಂದ್ಲಲ್ಲ ಆಯಮ್ಮ?’ ಎಂದು ಕೇಳಿದರು. ನೀವು ಕಿಟಕಿಯ ಕಡೆ ಮುಖ ಮಾಡಿ, ‘ಅದು ಹುಟ್ತಾನೇ ಬರೋದು ಕಣವ್ವ’ ಎಂದಿರಿ. ಅಷ್ಟೇ. ಡಾಕ್ಟರಮ್ಮ ಹಾಗೆ ಹೇಳಿರಲೇ ಇಲ್ಲ. ಯಾಕೆ ಮುರಿಯುತ್ತವೋ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂದಿದ್ದರು.

ಆಮೇಲೆ ಯಾರದೋ ಸೀಮಂತದಲ್ಲಿ ಅತ್ತೆಯವರು ಕೂತು, ‘ವರ್ಣ ಕೆಟ್ಟೈತಂತೆ ಕಣ್ರವ್ವ, ಡಾಕುಟ್ರೇ ರಕ್ತದಲ್ಲಿ ಕಂಡವ್ರೆ. ಅವ್ರಜ್ಜಿ ಯಾವ ಜಾತಿಯೋಳೋ ಯಾರ್ಗೊತ್ತು’ ಅಂದರಂತೆ. ಹೋಳಿಗೆ ಬಡಿಸಿ ಮುಗಿಯುವುದರೊಳಗೆ ಸುದ್ದಿ ಕಿಬ್ಬನಹಳ್ಳಿ ಮುಟ್ಟಿತು. ಅತ್ತೆಯವರು ಓದಿದವರಲ್ಲ, ಕಿವಿಗೆ ಬಿದ್ದ ಪದಕ್ಕೆ ತಮಗೆ ಗೊತ್ತಿದ್ದ ಅರ್ಥ ಹಚ್ಚಿದರು. ಅವರ ಮೇಲೆ ನನಗೆ ಕೋಪವಿಲ್ಲ ಎಂದು ಬರೆಯಬೇಕು ಅಂದುಕೊಂಡಿದ್ದೆ. ಸುಳ್ಳು ಯಾಕೆ, ಇದೆ.

ಆದರೆ ನೀವು? ಮದುವೆಯಾದ ಹೊಸತರಲ್ಲಿ ನಿಮ್ಮ ಹತ್ತನೇ ಕ್ಲಾಸಿಗೆಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಜೀವಕೋಶದ ಚಿತ್ರ ಬರೆದುಕೊಟ್ಟವಳು ನಾನು. ಒಳಗಿನ ವರ್ಣತಂತುವಿನ ಕಡ್ಡಿಗಳಿಗೆ ಕೆಂಪು ತುಂಬುತ್ತ, ಇವಕ್ಕೂ ಜಾತಿ ಇದೆಯಾ ಎಂದು ಕೇಳಿದ್ದಕ್ಕೆ ನೀವು ನಕ್ಕು, ‘ವರ್ಣ ಅಂದ್ರೆ ಬಣ್ಣ ಕಣೇ ಪೆದ್ದಿ. ಬಣ್ಣ ಹಾಕಿದ್ರೆ ಕಾಣ್ತವೆ, ಅದಕ್ಕೇ ಆ ಹೆಸ್ರು’ ಎಂದಿರಿ. ನನಗೆ ಅರೆಗಳಿಗೆಯಲ್ಲಿ ಹೇಳಿದ್ದನ್ನು ನಿಮ್ಮ ತಾಯಿಗೆ ಹೇಳುವುದಕ್ಕೆ ಬೆಂಗಳೂರಿನಿಂದ ತಿಪಟೂರಿನ ತನಕದ ದಾರಿ ಸಾಲಲಿಲ್ಲವೇ?

ನಾನೇ ಹೇಳಿ ಕಳಿಸಿದೆ, ಯಾರೂ ನಂಬಲಿಲ್ಲ. ತನ್ನ ತವರಿನ ಮಾನಕ್ಕೆ ಹೇಳುತ್ತಾಳೆ ಅಂದರು. ಪರಮಶಿವಯ್ಯನವರು ಪಾಪ, ‘ಮೇಷ್ಟ್ರು ಬಂದು ಹಂಗಲ್ಲ ಅಂತ ಒಂದ್ ಮಾತು ಹೇಳ್ಲಿ, ಸಾಕು’ ಅಂದಿದ್ದಾರೆ. ಅದಕ್ಕೇ ನಮ್ಮವ್ವ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಗೆ, ನಿಮ್ಮ ಹೈಸ್ಕೂಲಿಗೇ ಬಂದಳು. ‘ನೋಡಾನ ಬುಡಿ ಅತ್ತೆ’ ಎಂದು ಸೀಮೆಸುಣ್ಣ ಹಿಡಿದು ಕ್ಲಾಸಿಗೆ ಹೋದಿರಂತೆ. ಮನೆಗೆ ಬಂದವಳು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಸುವರ್ಣ ಅಳಲೂ ಇಲ್ಲ. ‘ನಮ್ಮಜ್ಜಿ ಏನ್ ಮಾಡಿದ್ಲಕ್ಕಾ?’ ಎಂದು ನನ್ನನ್ನೇ ಕೇಳುತ್ತಾಳೆ.

ನೀವು ಯಾಕೆ ಸುಮ್ಮನಿದ್ದೀರಿ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಹುಳಿಯಾರಿನಲ್ಲಿ ನಿಮಗೆ ಹೆಣ್ಣು ನೋಡಿ ಬಂದಿದ್ದಾರಂತೆ. ಕಾಯಿಲೆಯ ಹೆಂಡತಿಯನ್ನು ಬಿಟ್ಟರೆ ಮೇಷ್ಟ್ರಿಗೆ ಕೆಟ್ಟ ಹೆಸರು. ವರ್ಣ ಕೆಟ್ಟವಳನ್ನು ಬಿಟ್ಟರೆ ಊರೇ ಸೈ ಅನ್ನುತ್ತದೆ. ಚಿಪ್ಪು ಒಡೆಯುವ ತನಕ ಕೊಬ್ಬರಿ ಒಳಗೇ ಕೆಟ್ಟು ಕೌಟಾಗಿದೆಯೆಂದು ತಿಳಿಯುವುದಿಲ್ಲ ನೋಡಿ, ನೀವೂ ಹಾಗೆ. ಕಟ್ಟಿಕೊಳ್ಳಿ ಹೋಗಿ, ನಾನು ಅಡ್ಡ ಬರುವುದಿಲ್ಲ. ನಿಮ್ಮ ಮನೆಗೆ ವಾಪಸು ಬರುವ ಆಸೆ ಆಸ್ಪತ್ರೆಯ ಮಂಚದ ಮೇಲೆಯೇ ಹೋಯಿತು. ಆದರೆ ನಿಮ್ಮ ಅನುಕೂಲಕ್ಕೆ ನನ್ನ ತಂಗಿಯ ಬಾಳು ಸುಡುವುದಕ್ಕೆ ನಾನು ಬಿಡುವುದಿಲ್ಲ.

ಬರುವ ಗುರುವಾರ ಪರಮಶಿವಯ್ಯನವರ ಮನೆಯಲ್ಲಿ ಹಿರಿಯರು ಸೇರುತ್ತಾರೆ. ಅತ್ತೆಯವರನ್ನೂ ಕರೆದಿದ್ದಾರೆ. ಅವರ ಜೊತೆ ನೀವೂ ಬಂದು, ಆ ಪದದ ಅರ್ಥವನ್ನು ಹುಡುಗರಿಗೆ ಹೇಳುವ ಹಾಗೆ ಬಿಡಿಸಿ ಹೇಳಬೇಕು. ನನ್ನ ಮೇಲೆ ದಯೆ ತೋರಿಸಿ ಎಂದು ಬೇಡುತ್ತಿಲ್ಲ. ನಿಮಗೆ ಗೊತ್ತಿರುವ ಪಾಠ ಒಪ್ಪಿಸಿ ಅನ್ನುತ್ತಿದ್ದೇನೆ.

ಇಂತಿ,
‘ನಿಮ್ಮ’ ಎಂದು ಬರೆಯಲಾರದ
ಗಿರಿಜಾಂಬಿಕಾ

ಮರೆತಿದ್ದೆ: ಹೋಲಿಸಿ ನೋಡಲು ರೋಗವಿಲ್ಲದವರ ರಕ್ತವೂ ಬೇಕೆಂದು ಡಾಕ್ಟರಮ್ಮ ನಿಮ್ಮ ತೋಳಿನಿಂದಲೂ ಒಂದು ಸಿರಿಂಜು ತೆಗೆದುಕೊಂಡಿದ್ದರಲ್ಲ, ಹೊಲಿಗೆ ಬಿಚ್ಚಿಸಲು ಹೋದಾಗ ಅದನ್ನು ಕೇಳಿದೆ. ನನ್ನಷ್ಟಿಲ್ಲದಿದ್ದರೂ ನಿಮ್ಮವೂ ಅಲ್ಲೊಂದು ಇಲ್ಲೊಂದು ಮುರಿದಿವೆಯಂತೆ. ಯಾರ ರಕ್ತ ನೋಡಿದರೂ ಅಷ್ಟು ಇದ್ದೇ ಇರುತ್ತದೆ, ಗಾಬರಿಯೇನಿಲ್ಲ ಎಂದರು. ಗುರುವಾರ ನೀವು ಬರದಿದ್ದರೆ ನಾನೇ ಕಿಬ್ಬನಹಳ್ಳಿಗೆ ಹೋಗಿ, ಮೇಷ್ಟ್ರದ್ದೂ ಮುರಿದಿದೆ ಎಂದು ನಿಮ್ಮ ತಾಯಿಯವರ ಎದುರಿಗೇ ಹೇಳುತ್ತೇನೆ. ವರ್ಣ ಅಂದರೇನು ಎಂದು ಯಾರಾದರೂ ಕೇಳಿದರೆ ನಾನೂ ಬಾಯಿ ಬಿಡುವುದಿಲ್ಲ.