ಕೊಲೆಗಾರನಿಗೊಂದು ಬಾಡಿಗೆ ಮನೆ

ಅಡುಗೆಮನೆಯ ಮೇಜು,
ಭಾನುವಾರ ಬೆಳಿಗ್ಗೆ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಎಣ್ಣೆ ಭಾವನ ಕೈಲೇ ಹಚ್ಚಿಸಿಕೋ, ಅವರಿಗೂ ಒಂದು ಕೆಲಸ ಆಗುತ್ತೆ. ನನ್ನ ಪತ್ತೇದಾರಿ ಕಥೆ ಬರೆಯುವ ಹುಚ್ಚಿಗೆ ಇಲ್ಲಿಯವರೆಗೆ ಆದ ಖರ್ಚು ಹೇಳಿಬಿಡ್ತೀನಿ: ಒಂದು ವರ್ಷದ ಸಂಬಳ, ನಮ್ಮ ಮನೆಯವರ ನೆಮ್ಮದಿ, ಫೋನಿನಲ್ಲಿ ನೀನು ಸುರಿಸಿದ ಬೈಗುಳ. ಸಂಬಳವಿಲ್ಲದ ರಜೆ ಇವತ್ತಿಗೆ ಮುಗೀತು. ನಾಳೆ ಆಫೀಸಿಗೆ ಹೋಗದಿದ್ದರೆ ಕೆಲಸವೂ ಹೋಯಿತು. “ಪರದೇಶದಲ್ಲಿ ಸಿಕ್ಕ ಕಾಯಂ ಕೆಲಸ ಬಿಟ್ಟು ಹೆಣ ಎಣಿಸ್ತಾ ಕೂರ್ತೀಯಾ?” ಅಂದಿದ್ದೆಯಲ್ಲ, ಅದಕ್ಕೇ ಈ ಕಾಗದ.

ಕಷ್ಟದಲ್ಲಿರುವ ಮನೆಗಳಿಗೆ ಹೋಗಿ, ಮಕ್ಕಳು ಕ್ಷೇಮವಾ ಅಂತ ನೋಡಿ ವರದಿ ಬರೆಯುವುದು ನನ್ನ ಕೆಲಸ. ಬಂದ ಹೊಸದರಲ್ಲಿ ಇಲ್ಲಿಯವರ ಮಾತು ಅರ್ಧ ತಲೆ ಮೇಲಿಂದ ಹಾರಿಹೋಗ್ತಿತ್ತು. ಹಾಗಾಗಿ ಕಣ್ಣಿಗೆ ಕೆಲಸ ಹಚ್ಚಿದೆ. ಗಂಡ ಬಿಟ್ಟುಹೋಗಿ ತಿಂಗಳಾಯಿತು ಅಂತ ಹೆಂಡತಿ ಅಳ್ತಿದ್ದರೆ ಬಚ್ಚಲಲ್ಲಿ ಒದ್ದೆ ರೇಜರು ಇರ್ತಿತ್ತು. ಪತ್ತೇದಾರಿಕೆ ಕಲಿತದ್ದು ಅಲ್ಲೇ.

ಕೆಟ್ಟ ಅಭ್ಯಾಸ ಅಂಟಿದ್ದೂ ಅಲ್ಲೇ. ನಮ್ಮ ಮೇಲಧಿಕಾರಿ ಮೊದಲ ಪುಟ ದಾಟಿ ಓದುವ ಜಾತಿಯಲ್ಲ. ತೀರ್ಮಾನ ಅಲ್ಲೇ ಇರಬೇಕು. ಕೆಲಸದ ಜೊತೆಜೊತೆಗೇ ಬರೆದ ಮೊದಲ ಕಾದಂಬರಿಯನ್ನೂ ಹಾಗೇ ಬರೆದೆ. ಪ್ರಕಾಶಕಿ ಕರೆಸಿ, “ಅಲ್ರೀ, ಕೊಂದವನು ಮೈದುನ ಅಂತ ಮೊದಲ ಪುಟದಲ್ಲೇ ಹೇಳಿಬಿಟ್ಟಿದ್ದೀರಿ. ಸಾಲದ್ದಕ್ಕೆ ಕೊನೆಯಲ್ಲಿ ಅವನಿಗೆ ಬಾಡಿಗೆ ಮನೆ ಬೇರೆ ಹುಡುಕಿಕೊಟ್ಟಿದ್ದೀರಿ” ಅಂದರು. “ಜೈಲಿಂದ ಬಂದವನು ಎಲ್ಲಿಗೆ ಹೋಗಬೇಕು?” ಅಂದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೊದಲ ಪುಟ ಕಿತ್ತು ಹಿಂದಕ್ಕೆ ಹಾಕಿದ್ದಾಯಿತು. ಬಾಡಿಗೆ ಮನೆ ಮಾತ್ರ ನಾನು ಬಿಡಲಿಲ್ಲ. ಓದಿದವರು ಮೆಚ್ಚಿದ್ದು ಅದನ್ನೇ, ಪುಸ್ತಕ ಮೂರನೇ ಮುದ್ರಣ ಕಂಡಿದೆ.

ಎರಡನೆಯದನ್ನು ರಜೆ ಹಾಕಿ, ಮನೆಯಲ್ಲೇ ಕೂತು ಬರೆದೆ. ಓದಿದ ಇವರು ಮುಖ ಸಣ್ಣ ಮಾಡಿಕೊಂಡು, “ಅಲ್ವೇ, ಕೊಲೆಗಾರ ನನ್ನ ಹಾಗೇ ಒದ್ದೆ ಟವೆಲ್ ಮಂಚದ ಮೇಲೆ ಎಸೀತಾನೆ. ಹೋಗಲಿ ಅಂದ್ರೆ ಸತ್ತವನೂ ನನ್ನ ಹಾಗೇ ಗೊರಕೆ ಹೊಡೀತಾನಲ್ಲ” ಅಂದರು. ಸುಳ್ಳಲ್ಲ ಅಕ್ಕಾ. ಇನ್ನೊಬ್ಬರ ಹೊಸ್ತಿಲು ತುಳಿಯದೆ ವರ್ಷವಾಯಿತು. ಕಣ್ಣಿಗೆ ಬೀಳುವ ಗಂಡಸು ಇವರೊಬ್ಬರೇ. ಪಾಪ, ಕೊಲ್ಲುವವರೂ ಇವರೇ, ಸಾಯುವವರೂ ಇವರೇ.

ಭಾವನಿಗೆ ನಮಸ್ಕಾರ. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ ಬಾಯಿಗೆ ಇವತ್ತಿಗೂ ಹೆದರುವ
ತಂಗಿ

ಮುಖ್ಯವಾದದ್ದೇ ಬಿಟ್ಟುಹೋಯಿತು: ನಾಳೆ ಆಫೀಸಿಗೆ ಹೋಗ್ತೀನಿ. ವಾರಕ್ಕೆ ಎರಡೇ ದಿನ; ಮೇಲಧಿಕಾರಿ ಮೊನ್ನೆ ಒಪ್ಪಿದರು. ಅವರಿಗೆ ಅರ್ಧ ನಾನು ಸಿಕ್ಕೆ, ಪ್ರಕಾಶಕಿಗೆ ಉಳಿದರ್ಧ. ನಿನಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳೋಕೆ ಕಾಯಂ ಕೆಲಸದ ತಂಗಿ. ಇವರಿಗೆ ಜೀವದಾನ. ನನಗೆ ಎರಡೂ.